ಬಳಚಿನ ಮೇಲಿನ ಕೆಂಪು

ಬೆಳಗಿನ ಇಳಿತಕ್ಕೆ ಅಘನಾಶಿನಿಯ ಅಳಿವೆಯಲ್ಲಿ ಉತ್ತರದ ತಿಟ್ಟು ಮೈ ತೋರಿಸಿತ್ತು. ಇಂಪನಾ ಗಾಂವ್ಕರ್ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಒಂದು ಬಳಚನ್ನು, ಅಲ್ಲಿಯವರು ತಿನ್ನುವ ಎರಡು ಚಿಪ್ಪಿನ ಜೀವಿಯನ್ನು, ಯಂತ್ರದ ಬಟ್ಟಲಲ್ಲಿಟ್ಟಳು. ಕೂದಲಿನಷ್ಟು ಸಪೂರದ ಸೂಜಿ ಚಿಪ್ಪಿನ ಸಂದಿಗೆ ಹೋಗಿ ಬಂತು. ಡಿಎನ್‌ಎ ಎಳೆಯ ಮೇಲೆ ಅಲ್ಲಲ್ಲಿ ಅಂಟಿರುವ ಮೀಥೈಲ್ ಚುಕ್ಕೆಗಳನ್ನು ಜೀವಂತ ಪ್ರಾಣಿಯಲ್ಲೇ ಓದುವ ಯಂತ್ರ ಅದು. ಯಾವ ತಿಟ್ಟಿನಲ್ಲಿ ಬಳಚು ಹೆಕ್ಕಬೇಕು, ಯಾವುದನ್ನು ಬಿಡಬೇಕು ಎಂದು 2061ರಲ್ಲಿ ಹೇಳುತ್ತಿದ್ದುದು ಅದೇ. ಕಟ್ಟಿದವಳು ಇಂಪನಾ.

ಪರದೆ ಕೆಂಪಾಯಿತು. ಕೆಂಪೆಂದರೆ ವಂಶವಾಹಿಗಳು ಮುಚ್ಚಿವೆ, ಕೆಲಸ ನಿಲ್ಲಿಸಿವೆ ಎಂದು.

"ಈ ತಿಟ್ಟು ಸಾಯ್ತಾ ಇದೆ. ಮೂರು ವರ್ಷ ಯಾರೂ ಹೆಕ್ಕಬಾರದು ಅಂತ ಇವತ್ತೇ ವರದಿ ಕಳಿಸ್ತೇನೆ."

ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಮಂಕಾಳಿ ಹರಿಕಂತ್ರ ನಲವತ್ತು ವರ್ಷದಿಂದ ಬಳಚು ಹೆಕ್ಕಿದವಳು. ಅವಳ ಕೇರಿಯ ಅರವತ್ತು ಹೆಂಗಸರಿಗೆ ಇದ್ದದ್ದು ಎರಡೇ ತಿಟ್ಟು. ಮಂಕಾಳಿ ಎರಡು ಬಳಚು ತೆಗೆದು ಒಂದಕ್ಕೊಂದು ಕುಟ್ಟಿ ಕಿವಿಗೊಟ್ಟಳು. ಒಳಗೆ ಜೀವ ಗಟ್ಟಿ ಇದೆಯೇ ಎಂದು ಬುಟ್ಟಿಗೆ ಹಾಕುವ ಮೊದಲು ಹೀಗೆ ಕುಟ್ಟಿ ನೋಡುವುದು ಅಲ್ಲಿನ ಹೆಂಗಸರ ರೂಢಿ.

"ಇದು ಗಟ್ಟಿ ಉಂಟು ಅಮಾ. ಉಗುರು ಹಾಕೂಕೂ ಬಿಡೂದಿಲ್ಲ. ದಕ್ಷಿಣದ ತಿಟ್ಟಿನದು ಕುಟ್ರೆ ಒಡಕು ಮಡಕೆ ಹಂಗೆ. ನೀವು ಹಸ್ರು ಅಂದ್ರಿ ಅಂತ ಒಂದು ತಿಂಗ್ಳಿಂದ ಅಲ್ಲೇ ಹೆಕ್ತಾ ಇದ್ದೇವೆ."

ಇಂಪನಾಳಿಗೆ ಮೊದಲು ರೇಗಿತು, ಆಮೇಲೆ ಕುತೂಹಲ ಹುಟ್ಟಿತು. ಕೆಂಪಾದ ವಂಶವಾಹಿಗಳು ಯಾವುವೆಂದು ಒಂದೊಂದಾಗಿ ನೋಡಿದಳು. ಉಸಿರಾಟದವು, ಪ್ರೋಟೀನು ಕಟ್ಟುವವು, ಜೀವಕೋಶದ ದಿನದ ಮನೆಗೆಲಸದವು. ಅವು ಮುಚ್ಚಿದ್ದರೆ ಈ ಬಳಚು ಯಾವತ್ತೋ ಸತ್ತಿರಬೇಕಿತ್ತು.

"ಮನುಷ್ಯರಲ್ಲಿ ಈ ಚುಕ್ಕೆ ವಂಶವಾಹಿಯ ಬಾಗಿಲಿಗೆ ಬಿದ್ರೆ ಬೀಗ," ಎಂದಳು ನಿಧಾನವಾಗಿ. "ಬಳಚಿನಲ್ಲಿ ಚುಕ್ಕೆ ಇರೋದು ಬಾಗಿಲಲ್ಲಲ್ಲ, ನಡುಮನೆಯಲ್ಲಿ. ಅದೂ ಬಿಡುವಿಲ್ಲದೆ ದುಡಿಯೋ ವಂಶವಾಹಿಗಳಲ್ಲೇ ಜಾಸ್ತಿ."

"ಅಂದ್ರೆ ಎಂತದು?"

"ದೀಪ ಉರಿಯೋ ಮನೆಗೆ ಬೀಗ ಬಿದ್ದಿದೆ ಅಂತ ಬರೆದುಬಿಟ್ಟೆ."

ಬೆನ್ನೆಲುಬಿನವರೂ ಬಳಚಿನವರೂ ದಾರಿ ಬೇರೆ ಮಾಡಿಕೊಂಡು ಐವತ್ತು ಕೋಟಿ ವರ್ಷಗಳೇ ದಾಟಿವೆ. ಚುಕ್ಕೆಗಳು ಇಬ್ಬರ ಜೊತೆಗೂ ಬಂದವು. ನಾವು ಮೈತುಂಬ ಮೆತ್ತಿಕೊಂಡೆವು, ಬಳಚು ಕೆಲವೆಡೆ ಮಾತ್ರ ಇಟ್ಟುಕೊಂಡಿತು; ಹಣ್ಣುನೊಣವಂತೂ ಹೆಚ್ಚುಕಡಿಮೆ ಎಲ್ಲವನ್ನೂ ಕಳೆದುಕೊಂಡು ಹಾಯಾಗಿದೆ. ಇದೆಲ್ಲ ಇಂಪನಾ ಓದಿದ್ದೇ. ಓದಿದ್ದು ಯಂತ್ರ ಕಟ್ಟುವಾಗ ನೆನಪಾಗಿರಲಿಲ್ಲ.

ದಕ್ಷಿಣದ ತಿಟ್ಟಿನ ಹಳೆಯ ಲೆಕ್ಕ ತೆರೆದಳು. ಅದೇ ಮನೆಗೆಲಸದ ವಂಶವಾಹಿಗಳಿಂದ ಚುಕ್ಕೆಗಳು ಅಳಿಸಿಹೋಗುತ್ತಿದ್ದವು; ಯಂತ್ರ ಅದನ್ನೇ ಹಸಿರೆಂದಿತ್ತು. ಬಳಲಿದ್ದ ತಿಟ್ಟನ್ನೇ ತಿಂಗಳಿಡೀ ಬರಿದು ಮಾಡಿಸಿದ್ದಳು.

"ತಪ್ಪು ನನ್ನದು. ಅಲ್ಲಿ ಹೆಕ್ಕೋದು ಈಗಲೇ ನಿಲ್ಲಿಸಿ."

ಮಂಕಾಳಿ ಬಾಯಿಗೆ ಕೈಯಡ್ಡ ಹಿಡಿದು ಕೂಗು ಹಾಕಿದಳು. ಆಚೆ ತಿಟ್ಟಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ನೀರಿಗೆ ಬಗ್ಗಿಸಿದರು.

"ನಾಳೆ ನೀವೂ ಬರ್ಬೇಕು," ಎಂದಳು ಮಂಕಾಳಿ. "ಇಲ್ಲಿಯ ಮರಿ ಬಳಚು ಅಲ್ಲಿಗೆ ಹೊತ್ತು ಹಾಕೂದುಂಟು. ಭಾರ ಉಂಟು, ಹೇಳಿದ್ದೇನೆ."

"ಬರ್ತೇನೆ."

ದೋಣಿಯಲ್ಲಿ ಕೂತು ಇಂಪನಾ ಯಂತ್ರದ ತಂತ್ರಾಂಶದಲ್ಲಿ ಕೆಂಪು, ಹಸಿರು ಬಣ್ಣ ಹಾಕುವ ಸಾಲನ್ನು ಹುಡುಕಿದಳು. ಅವಳು ಬರೆದದ್ದಲ್ಲ, ಮನುಷ್ಯರ ರಕ್ತ ಓದುವ ಹಳೆಯ ತಂತ್ರಾಂಶದಿಂದ ಹಾಗೇ ಎತ್ತಿಕೊಂಡದ್ದು. 'ಚುಕ್ಕೆ ಇದ್ದರೆ ಮುಚ್ಚಿದೆ.' ಬರೆದ ವರ್ಷ 2026. ಯಾರಲ್ಲಿ ಎಂದು ಬರೆದಿರಲಿಲ್ಲ. ಬರೆದವರಿಗೆ ಅದು ಹೇಳಬೇಕಾದ ಮಾತೆಂದೇ ಅನಿಸಿರಲಿಲ್ಲ. 'ಮನುಷ್ಯರಲ್ಲಿ' ಎಂದು ಸೇರಿಸಲು ಅವತ್ತು ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.