ಹನ್ನೆರಡನೆಯ ಏಟು

ಮೂವತ್ತೆಂಟು ದಿನದ ಶೂಟಿಂಗಿನಲ್ಲಿ ಅಶ್ವತ್ಥ್ ಹನ್ನೊಂದು ಏಟು ತಿಂದಿದ್ದ. ಅಷ್ಟನ್ನೂ ಕೊಟ್ಟವನು ಆರಡಿಯ ಹೀರೋ ಮನೋಹರ್. ಅಶ್ವತ್ಥ್ ಐದಡಿಯ ಹಾಸ್ಯನಟ. ಉದ್ದ ಇನ್‌ಸ್ಪೆಕ್ಟರು, ಗಿಡ್ಡ ಕಾನ್‌ಸ್ಟೇಬಲ್ಲು ಒಂದೇ ಜೀಪಿನಲ್ಲಿ ಕಚ್ಚಾಡುತ್ತ ಕಳ್ಳರನ್ನು ಹಿಡಿಯುವ ಕತೆ. ಥಿಯೇಟರಿಗಲ್ಲ, ಮಲಗಿಕೊಂಡು ಮೊಬೈಲಿನಲ್ಲಿ ನೋಡುವವರಿಗೆ. ಏಟು ಮಾತ್ರ ಅಸಲಿ. ಒಂಬತ್ತನೆಯದು ಬಿದ್ದಾಗಿನಿಂದ ಅಶ್ವತ್ಥನ ಎಡಗಿವಿಯಲ್ಲಿ ಜೀರುಂಡೆಯೊಂದು ಮನೆ ಮಾಡಿತ್ತು. "ರಿಯಲ್ಲಾಗಿ ಬರ್ಲಿ ಅಂತ ಕಣೋ" ಎಂದು ಮನೋಹರ್ ನಕ್ಕಿದ್ದ.

ಮೂವತ್ತೊಂಬತ್ತನೆಯ ದಿನದ ಸೀನು ಓದಿದಾಗ ಅಶ್ವತ್ಥನಿಗೆ ಸೇಡಿನ ದಾರಿ ಕಂಡಿತು. ಗೊರಗುಂಟೆಪಾಳ್ಯದ ಹಳೇ ಫ್ಯಾಕ್ಟರಿ ಶೆಡ್ಡು. ಜಗಳ. ಕಾನ್‌ಸ್ಟೇಬಲ್ ಸ್ಟೂಲು ಹತ್ತಿ ಇನ್‌ಸ್ಪೆಕ್ಟರ ತಲೆಯ ಮೇಲೆ ಬಿಯರ್ ಬಾಟ್ಲಿ ಒಡೆಯುತ್ತಾನೆ. ಬಾಟ್ಲಿ ಸಕ್ಕರೆ ಪಾಕದ್ದು, ಬಡಿದರೆ ನೋಯಿಸದೆ ಪುಡಿಯಾಗುವಂಥದ್ದು; ಸೆಟ್ಟು ಜೋಡಿಸುವ ಬೈರಣ್ಣ ಮೂರು ಎರಕ ಹೊಯ್ದಿದ್ದ.

ಅಶ್ವತ್ಥ್ ಆತುರಪಡಲಿಲ್ಲ. ಊಟದ ಹೊತ್ತಿಗೆ ಎರಡನ್ನು ಕಾದ ತಗಡಿನ ಪಕ್ಕ ಸರಿಸಿದ. ಅವು ಕತ್ತು ಬಾಗಿಸಿ ಕೂತವು. ಮೇಜಿನ ಮೇಲಿದ್ದ ಮೂರನೆಯದನ್ನು ಮೋರಿಗೆಸೆದು, ಅದೇ ಲೇಬಲ್ಲಿನ ಅಸಲಿ ಗಾಜನ್ನು ಕರ್ಚೀಫಿನಲ್ಲಿ ಹಿಡಿದು ಅಲ್ಲಿಟ್ಟ. ಫ್ರೇಮು ಕಟ್ಟಿದ ಮೇಲೆ ಮೇಜಿನ ಸಾಮಾನನ್ನು ಯಾರೂ ಮುಟ್ಟುವಂತಿಲ್ಲ. ತೂಕ ತಿಳಿಯುವುದು ಎತ್ತುವವನಿಗೆ ಮಾತ್ರ. ಬೈಗುಳ ಬೈರಣ್ಣನಿಗೆ.

"ಸಾರ್, ಎರಡು ಕರಗೋಗವೆ. ಇರೋದು ಅದೊಂದೇ" ಎಂದು ಬೈರಣ್ಣ ಬಂದು ಅವನನ್ನೇ ದಿಟ್ಟಿಸಿದ. "ಯಾಕ್ ಸಾರ್ ಇಂಗ್ ಬೆವರ್ತಿದೀರಾ?"

"ಶೆಡ್ಡಲ್ಲಿ ಗಾಳಿ ಎಲ್ಲಿದೆ ಬೈರಣ್ಣ?"

ಬೈರಣ್ಣ ತಲೆಯಾಡಿಸಿದ. ನಂಬಿದನೋ ಇಲ್ಲವೋ, ತಿಳಿಯಲಿಲ್ಲ.

ಲೈಟು ಹತ್ತಿತು. ನಿರ್ದೇಶಕಿ ಬಿಂದುಶ್ರೀ ಮನೋಹರನ ಕ್ಯಾರವಾನಿನಿಂದ ಇಳಿದು ಬಂದಳು. "ಅಶ್ವತ್ಥ್ ಸರ್, ಒಂದ್ ಸಣ್ಣ ಚೇಂಜು. ಹೀರೋ ಏಟು ತಿಂದ್ರೆ ಚೆನ್ನಾಗಿರಲ್ಲ ಅಂತಾರೆ ಅವ್ರು. ಉಲ್ಟಾ ಮಾಡ್ಬಿಡೋಣ." ಯಾರೋ ಸ್ಟೂಲನ್ನು ಎತ್ತಿಕೊಂಡು ಹೋದರು. ಸಕ್ಕರೆ ಬಾಟ್ಲಿಯನ್ನು ಎಂದೂ ಮುಟ್ಟಿರದ ಮನೋಹರ್ ಅದನ್ನು ಕೈಯಲ್ಲಿ ತೂಗಿ ನೋಡಿ ಮೆಚ್ಚಿದ. ಅದು ಗಾಜೆಂದು ಸೆಟ್ಟಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತು. ಬಾಯಿಬಿಟ್ಟರೆ ಹೇಗೆ ಗೊತ್ತಾಯಿತೆಂದೂ ಹೇಳಬೇಕು. "ಕಣ್ಮುಚ್ಕೋ ಮಗಾ, ರಿಯಲ್ಲಾಗಿ ಬರ್ಲಿ" ಎಂದ ಮನೋಹರ್. ಆಗ ಅಶ್ವತ್ಥನಿಗೆ ನೆನಪಾಯಿತು: ಆ ಹನ್ನೊಂದು ಏಟುಗಳನ್ನೂ ಸ್ಕ್ರಿಪ್ಟಿನಲ್ಲಿ ಮೊದಲು ಬರೆದದ್ದು ಮನೋಹರನ ಕೆನ್ನೆಗೇ.