ಮಂಜಿಳಿದಾಗ ಏಳುವ ವಾಸನೆ

ಸುಧಾಕರನ್ ಕಾಲು ಜಾರಿ ಸತ್ತದ್ದಲ್ಲ ಎಂಬುದು ಮೊದಲು ಗೊತ್ತಾದದ್ದು ಪೊಲೀಸರಿಗಲ್ಲ. ನೆಲ ತೊಳೆಯಲು ಬಂದ ಜೀವಿತಾಳಿಗೆ.

ನೀಲಗಿರಿಯ ಎಮರಾಲ್ಡ್ ಊರಿನ ಆ ಮನೆಯ ಸಣ್ಣ ಕೋಣೆಯಲ್ಲಿ ಅವಳು ಮಂಡಿಯೂರಿ ಕೂತಿದ್ದಳು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿಕೊಂಡಿದ್ದಳು. ಪ್ಲಾಸ್ಟಿಕ್ ನೆಲಹಾಸನ್ನು ಸುತ್ತಿ ಬದಿಗಿಟ್ಟು, ಕೆಳಗಿನ ಹಲಗೆಗಳ ಮೇಲೆ ಉಚ್ಚೆಯ ಕಲೆಯನ್ನು ಹೊಳೆಯಿಸುವ ನೇರಳೆ ಬೆಳಕಿನ ಟಾರ್ಚು ಹಾಯಿಸಿದಳು. ಬಾಗಿಲ ಹಿಂದೆ ಹಲಗೆ ಹಳದಿ ಹಸಿರಾಗಿ ಹೊಳೆಯಿತು. ಒಂದು ಕಲೆಯಲ್ಲ. ಒಂದರ ಮೇಲೊಂದು ನಾಲ್ಕೈದು. ಟಾರ್ಚನ್ನು ಬಾಗಿಲಿಗೆ ತಿರುಗಿಸಿದಳು. ಕೆಳ ಅಂಚಿನ ತುಂಬ ಉಗುರಿನ ಗೀರು. ಒಂದು ಗೀರಿನೊಳಗೆ ಮುರಿದ ಉಗುರಿನ ಚೂರು ಸಿಕ್ಕಿಕೊಂಡಿತ್ತು.

ಜೀವಿತಾ ಮಂಜೂರಿನವಳು. ಪ್ರವಾಸಿಗರ ನಾಯಿ ಬೆಕ್ಕುಗಳು ಉಚ್ಚೆ ಹೊಯ್ದ ಕಾಟೇಜುಗಳ ನೆಲ ಸರಿಮಾಡುವುದು ಅವಳ ಹತ್ತು ವರ್ಷದ ಕಸುಬು. ಇಂಥ ಕಲೆ ಎಲ್ಲೂ ಕಂಡಿರಲಿಲ್ಲ.

ಸುಧಾಕರನ್‌ನ ಹೆಂಡತಿ ತೇನ್ಮೊಳಿ ಹೊಸ್ತಿಲಾಚೆ ನಿಂತಿದ್ದಳು. ಗಂಡ ಸತ್ತು ನಾಲ್ಕು ತಿಂಗಳು. ಅವನ ಜೊತೆ ಹೊರಗೆ ಹೋಯಿತೆನ್ನಲಾದ ನಾಯಿ ಮಣಿ ಸಿಗಲೇ ಇಲ್ಲ. ಆದರೆ ಮಂಜು ಇಳಿದ ದಿನವೆಲ್ಲ ಈ ಕೋಣೆಯಿಂದ ಮಣಿಯ ಉಚ್ಚೆಯ ವಾಸನೆ ಏಳುತ್ತಿತ್ತು. ಬಿಸಿಲು ಬಂದರೆ ಮಾಯ. ಫಿನಾಯಿಲಿಗೂ ಜಗ್ಗಲಿಲ್ಲ, ಸಾಂಬ್ರಾಣಿಗೂ ಜಗ್ಗಲಿಲ್ಲ. ನಾಯಿಯ ದೆವ್ವ ಬಂದಮೇಲೆ ಯಜಮಾನ ಬರದೆ ಇರುತ್ತಾನೆಯೇ ಎಂದು ಊರು ಪಿಸುಗುಟ್ಟಿತು. ತೇನ್ಮೊಳಿಯೂ ನಂಬಿದ್ದಳು. ಮಂಜಿನ ಸಂಜೆಗಳಲ್ಲಿ ಎರಡು ಲೋಟ ಟೀ ಮಾಡಿಡುತ್ತಿದ್ದಳು.

"ದೆವ್ವ ಅಲ್ಲ ಅಕ್ಕಾ," ಎಂದಳು ಜೀವಿತಾ. "ಉಚ್ಚೆಯ ಉಪ್ಪು ಮರದೊಳಗೆ ಇಳಿದಿದೆ. ತೇವ ತಾಗಿದಾಗೆಲ್ಲ ನಾರುತ್ತೆ. ಮಣಿ ಮನೆಯೊಳಗೆ ಹೊಯ್ತಿದ್ನಾ?"

"ಇಲ್ಲವೇ ಇಲ್ಲ. ಎಷ್ಟು ಹೊತ್ತಾದ್ರೂ ತಡ್ಕೊಳ್ತಿದ್ದ."

"ಹಾಗಾದ್ರೆ ಒಂದಿಡೀ ದಿನ ಅವನನ್ನ ಇದರೊಳಗೆ ಕೂಡಿಹಾಕಿದ್ದಾರೆ. ಯಾವಾಗ?"

ತೇನ್ಮೊಳಿ ದಿನ ಎಣಿಸಿದಳು. ಗಂಡ ಸತ್ತ ಶುಕ್ರವಾರ ಬೆಳಿಗ್ಗೆ ಅವಳು ಗೂಡಲೂರಿಗೆ ಹೊರಟಾಗ ಈ ನೆಲ ಒಣಗಿತ್ತು. ಭಾನುವಾರ ಮರಳಿದಾಗ ಹಾಸು ಬಿದ್ದಿತ್ತು.

* * *

ಇಬ್ಬರೂ ಸ್ಟೇಷನ್ನಿಗೆ ಹೋದರು. ಸಬ್ ಇನ್‌ಸ್ಪೆಕ್ಟರ್ ಸಂಗೀತಾ ಹಳೆಯ ಫೈಲು ತೆಗೆದರು. ಶುಕ್ರವಾರ ಸಂಜೆ ಐದಕ್ಕೆ ಸುಧಾಕರನ್ ಮಂಜಿನೊಳಗೆ ನಡೆದುಹೋದದ್ದನ್ನೂ ಮಣಿ ಸರಪಳಿ ಎಳೆಯುತ್ತ ಮುಂದಿದ್ದದ್ದನ್ನೂ ನೋಡಿದೆನೆಂದು ಪಕ್ಕದ ಮನೆಯ ಮುರಳೀಧರನ್ ಹೇಳಿಕೆ ಕೊಟ್ಟಿದ್ದ. ಭಾನುವಾರ ಬೆಳಿಗ್ಗೆ ಕ್ಯಾರೆಟ್ ಹೊಲದ ಕೆಳಗಿನ ಕಲ್ಲುಕ್ವಾರಿಯಲ್ಲಿ ಹೆಣ ಸಿಕ್ಕಿತು. ಸತ್ತದ್ದು ಶುಕ್ರವಾರ ಸಂಜೆಯೇ ಎಂದು ಡಾಕ್ಟರು ಬರೆದರು. ನಾಯಿ ಎಳೆದಿದೆ, ಕಾಲು ಜಾರಿದೆ ಎಂದು ಕೇಸು ಮುಗಿದಿತ್ತು.

ನಾಯಿಯನ್ನು ಶುಕ್ರವಾರ ಹಗಲೇ ಕೂಡಿಹಾಕಿರಬಹುದಲ್ಲ ಎಂದು ಸಂಗೀತಾ ಕೇಳಿದರು. ಅಂದು ಹಗಲೆಲ್ಲ ಮಣಿ ಹೊಲದಲ್ಲಿ ಯಜಮಾನನ ಜೊತೆಗಿದ್ದದ್ದನ್ನು ಕೆಲಸದವರು ಕಂಡಿದ್ದಾರೆ, ಕೇಳಿಕೊಂಡೇ ಬಂದೆ ಎಂದಳು ಜೀವಿತಾ.

"ಸಂಜೆ ಮೇಲೆ ಕೂಡಿಹಾಕಿದ್ದು, ಮೇಡಂ. ಅಂದ್ರೆ ಮಣಿ ಕ್ವಾರಿಗೆ ಹೋಗಲೇ ಇಲ್ಲ."

ಮಂಜಿನಲ್ಲಿ ಮುರಳೀಧರನ್‌ನ ಕಣ್ಣು ತಪ್ಪಿರಬಹುದು ಎಂದುಕೊಂಡರು ಸಂಗೀತಾ. ಮೊದಲ ಅನುಮಾನ ಸುಧಾಕರನ್‌ನ ತಮ್ಮ ಸೆಲ್ವಕುಮಾರ್ ಮೇಲೆ. ದೆವ್ವದ ಮನೆ ಬಿಟ್ಟುಬಿಡು ಎಂದು ಅತ್ತಿಗೆಯನ್ನು ಕಾಡುತ್ತಿದ್ದವನು ಅವನೇ. ಆದರೆ ಆ ಮೂರು ದಿನವೂ ಅವನು ಗೂಡಲೂರು ಆಸ್ಪತ್ರೆಯಲ್ಲಿ ಹೆಂಡತಿಯ ಹೆರಿಗೆಗೆ ಕಾದು ಕೂತಿದ್ದ. ತೇನ್ಮೊಳಿ ಹೋಗಿದ್ದದ್ದೂ ಅಲ್ಲಿಗೇ. ಅತ್ತಿಗೆಯ ಹೆದರಿಕೆ ನೋಡಲಾಗದೆ ಹಾಗೆ ಹೇಳಿದೆ ಎಂದ. ಹಾಸಿನ ಮಾತು ಬಂದಾಗ ಮಾತ್ರ ಅವನ ದನಿ ಮೆದುವಾಯಿತು.

"ಮುರಳಿ ಅಣ್ಣ ಹಾಸಿದ್ದು. ಸಾವಿನ ಮನೆಗೆ ಜನ ಬರ್ತಾರೆ ಅಂತ. ನಾವು ಬಂದಾಗ ಹೊಸ್ತಿಲು ಒರೆಸ್ತಾ ಇದ್ದ."

ಮುರಳೀಧರನ್‌ನ ಗಾಡಿ ದಾಟಿತ್ತೇ ಎಂದು ಕೇಳಲು ಸಂಗೀತಾ ಕಾಡಂಚಿನ ತೊರಪಳ್ಳಿ ಚೆಕ್‌ಪೋಸ್ಟಿಗೆ ಫೋನು ಮಾಡಿದರು. ಊಟಿ, ಮಂಜೂರು ಚೆಕ್‌ಪೋಸ್ಟುಗಳಲ್ಲಿ ಮೊದಲೇ ವಿಚಾರಿಸಿಯಾಗಿತ್ತು. ಆ ಶನಿವಾರ ಮುರಳೀಧರನ್‌ನ ಪಿಕಪ್ ವ್ಯಾನು ತೊರಪಳ್ಳಿ ದಾಟಿತ್ತು. ಅವನು ಮನೆಯಲ್ಲೇ ಇದ್ದೆನೆಂದು ಹೇಳಿದ್ದ ದಿನ ಅದು.

* * *

ಮರುದಿನ ಮಧ್ಯಾಹ್ನ ಮುರಳೀಧರನ್‌ನನ್ನು ಅದೇ ಕೋಣೆಗೆ ಕರೆಸಿದರು. ಅವನು ಬರಿ ಹಲಗೆಗಳನ್ನು ನೋಡಿದ. ಕೂರಲಿಲ್ಲ.

ಹಾಸು ಹಾಕಿದ್ದು ಯಾಕೆಂದು ಸಂಗೀತಾ ಕೇಳಿದರು. ವಾಸನೆ ಇತ್ತು, ಅದಕ್ಕೇ ಎಂದ.

"ಶುಕ್ರವಾರವೇ ಹೊರಗೆ ಹೋದ ನಾಯಿಯ ವಾಸನೆ ಭಾನುವಾರ ಹಸಿಯಾಗಿ ಹೇಗಿತ್ತು?"

ಹೊರಗಿನಿಂದ ಸರಪಳಿಯ ಸದ್ದು ಬಂತು. ಚೆಕ್‌ಪೋಸ್ಟಿನವರು ಹುಡುಕಿ ಕಳಿಸಿದ ತೊರಪಳ್ಳಿಯ ಅರಣ್ಯ ಕೂಲಿ ಸಿದ್ದ ಬಾಗಿಲಲ್ಲಿ ನಿಂತಿದ್ದ. ಅವನ ಕೈಯ ಸರಪಳಿಯಲ್ಲಿ ಬಡಕಲಾದ ಮಣಿ.

"ಇವರೇ," ಎಂದ ಸಿದ್ದ. "ಕಾಡಂಚಿಗೆ ಇಳಿಸಿ ಹೋದ್ರು. ಚಿರತೆ ಬಾಯಿಗೆ ಬೀಳ್ತದೆ ಅಂತ ನಾನು ಮನೆಗೆ ತಂದೆ."

ತೇನ್ಮೊಳಿ ಕೆಳಗೆ ಕೂತು ನಾಯಿಯನ್ನು ಅಪ್ಪಿಕೊಂಡಳು. ಮುರಳೀಧರನ್ ಗೋಡೆಗೊರಗಿ ಒಂದೊಂದೇ ಹೇಳಿದ.

ಸಾವಿಗೆ ಎರಡು ವಾರ ಮೊದಲು, ಮಂಜೂರು ರಸ್ತೆಯ ಮಂಜಿನಲ್ಲಿ ಅವನ ವ್ಯಾನು ಕೆಂಪಿ ಎಂಬ ಚಹಾ ಎಲೆ ಕೀಳುವ ಹೆಂಗಸಿಗೆ ಬಡಿದಿತ್ತು. ನಿಲ್ಲಿಸಲಿಲ್ಲ. ಪಕ್ಕದಲ್ಲಿ ಸುಧಾಕರನ್ ಕೂತಿದ್ದ. ಕೆಂಪಿ ರಸ್ತೆಬದಿಯಲ್ಲೇ ಸತ್ತಳು. ಸುಧಾಕರನ್‌ಗೆ ಅಂದಿನಿಂದ ನಿದ್ದೆಯಿಲ್ಲ. ನಾಳೆ ಸ್ಟೇಷನ್ನಿಗೆ ಹೋಗುತ್ತೇನೆ ಎಂದು ಆ ಶುಕ್ರವಾರ ಹೇಳಿದ. ದನಿ ಏರಿತು. ಮಣಿ ಗುರುಗುಟ್ಟಿತೆಂದು ಸುಧಾಕರನೇ ಅದನ್ನು ಈ ಕೋಣೆಗೆ ಸೇರಿಸಿ ಅಗಳಿ ಹಾಕಿದ. ಹೊರಗೆ ನಡೆಯುತ್ತ ಮಾತಾಡೋಣವೆಂದು ಹೊರಟರು. ಕ್ವಾರಿಯ ಅಂಚಿನಲ್ಲಿ ಮುರಳೀಧರನ್ ದೂಡಿದ.

ಬೇಕೆಂದೇ ಯಾರೂ ಮಂಜಿನಲ್ಲಿ ಕ್ವಾರಿಯ ಅಂಚಿಗೆ ಹೋಗುವುದಿಲ್ಲ. ಅದಕ್ಕೆ ನಾಯಿ ಎಳೆದ ಕಥೆ ಬೇಕಾಯಿತು. ಕಥೆ ನಿಲ್ಲಬೇಕಾದರೆ ನಾಯಿ ಮನೆಯಲ್ಲಿ ಇರಬಾರದು. ಶನಿವಾರ ಸಂಜೆ ಸಾಗಿಸಿದ. ಅಷ್ಟರಲ್ಲಿ ಮಣಿಯ ಉಚ್ಚೆ ಮರಕ್ಕೆ ಇಳಿದಾಗಿತ್ತು. ಫಿನಾಯಿಲು ಹಾಕಿ ಮೇಲೆ ಹಾಸು ಮುಚ್ಚಿದ. ಹಾಸು ತೇವವನ್ನು ಆರಗೊಡದೆ ಹಿಡಿದಿಟ್ಟಿತು.

* * *

ಜೀವಿತಾ ಹಿಡಿದ ಕೆಲಸ ಮುಗಿಸಿದಳು. ಉಚ್ಚೆಯನ್ನು ತಿಂದುಹಾಕುವ ಎಂಜೈಮ್ ದ್ರಾವಣ ಸುರಿದು, ಒಂದು ಹಗಲು ಒಂದು ರಾತ್ರಿ ಪ್ಲಾಸ್ಟಿಕ್ಕು ಮುಚ್ಚಿಟ್ಟಳು. ಹಲಗೆ ಪೂರ್ತಿ ಒಣಗಿದ ಮೇಲೆ ಉಜ್ಜಿ ಎರಡು ಕೋಟು ವಾರ್ನಿಶ್ ಹೊಡೆದಳು. ಮುಂದಿನ ವಾರ ಮಂಜು ಇಳಿಯಿತು. ಕೋಣೆಯಲ್ಲಿ ಮರದ ವಾಸನೆ ಮಾತ್ರ ಇತ್ತು.

"ಕೆಂಪಿ ಸತ್ತಮೇಲೆ ಎರಡು ವಾರ ನಮ್ಮವರೂ ಸುಮ್ಮನಿದ್ರು," ಎಂದಳು ತೇನ್ಮೊಳಿ. "ನಾನು ಕೆಂಪಿಯ ಮನೆಗೆ ಹೋಗಬೇಕು. ಬರ್ತೀಯಾ?"

ಇಬ್ಬರೂ ಹೋದರು. ಕೆಂಪಿಯ ತಾಯಿ ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ತಾನು ಯಾರ ಹೆಂಡತಿ ಎಂಬುದನ್ನು ತೇನ್ಮೊಳಿ ನಿಂತೇ ಹೇಳಿದಳು. ವ್ಯಾನಿನಲ್ಲಿ ಯಾರಿದ್ದರು ಎಂಬುದನ್ನೂ ಹೇಳಿದಳು. ಮುದುಕಿಯ ಕೈ ನಿಂತಿತು. ಬಯ್ಯಲಿಲ್ಲ, ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಅವಳು ಕೂಗಿದ್ದು ನಿನ್ನ ಗಂಡಂಗೆ ಕೇಳಿಸ್ತಾ?"

ತೇನ್ಮೊಳಿಗೆ ಗೊತ್ತಿರಲಿಲ್ಲ. ಅವಳು ಮುದುಕಿಯ ಪಕ್ಕ ಕೂತಳು.