ಹೊಲಿಗೆಗೆ ಬಿಟ್ಟ ಮೂರು ಇಂಚು

"ಈ ಡೈನಿಂಗ್ ಟೇಬಲ್ ಹೋಗಲ್ಲ ಮೇಡಂ," ಎಂದ ಬಡಗಿ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಅವಳ ಪಟ್ಟಿಯಲ್ಲಿ ಗೀಟು ಎಳೆಯುತ್ತ.

"ಸರಿಯಾಗಿ ನೋಡಿದ್ರಾ ಮೇಸ್ತ್ರಿ?"

"ಇದನ್ನ ಇಟ್ರೆ ಒಲೆ ಹತ್ರ ಹೋಗೋಕೆ ನೀವು ಇದರ ಕೆಳಗೆ ತೆವಳಬೇಕು. ಪರವಾಗಿಲ್ವಾ?"

ಅವಳಿಗೆ ನಗು ಬಂತು. ತಡೆದುಕೊಂಡಳು. ತಡೆದುಕೊಂಡದ್ದು ಅವನಿಗೆ ಗೊತ್ತಾಯಿತು. ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸುವ ನೆಪದಲ್ಲಿ ಮುಖ ತಿರುಗಿಸಿದ.

ಅದು ಮೊದಲನೆಯ ದಿನ.

ನಾಲ್ಕು ಕೋಣೆಯ ಮನೆಯಿಂದ ಒಂದು ಕೋಣೆಯ ಮನೆಗೆ ಹೋಗುವುದು ಅವಳದೇ ತೀರ್ಮಾನ. ಗಂಡ ಬಿಟ್ಟು ಹೋಗಿ ಹನ್ನೊಂದು ವರ್ಷ. ಮಗಳು ಮದುವೆಯಾಗಿ ಬೇರೆ ಊರು ಸೇರಿದ್ದಳು. ಮುಂದಿನ ಕೋಣೆಯಲ್ಲಿ ಹೊಲಿಗೆ, ಹಿಂದಿನ ಕೋಣೆಯಲ್ಲಿ ನಿದ್ದೆ. ನಡುವಿನ ಎರಡು ಕೋಣೆಗಳನ್ನು ಅವಳು ಸುಮ್ಮನೆ ಗುಡಿಸುತ್ತಿದ್ದಳು. ಹೊಸ ಮನೆಗೆ ಬಾಗಿಲು ಕಿಟಕಿ ಕೂರಿಸಿದವನೇ ಈ ಬಡಗಿ. ಅದರ ಒಂದೊಂದು ಗೋಡೆಯ ಅಳತೆಯೂ ಅವನಿಗೆ ಬಾಯಿಪಾಠ. ಹಾಗಾಗಿ ತನ್ನ ಸಾಮಾನುಗಳ ಅಳತೆಯನ್ನೆಲ್ಲ ಬರೆದು ಅವನ ಕೈಗೆ ಕೊಟ್ಟಿದ್ದಳು. ಯಾವುದು ಹಿಡಿಯುತ್ತದೆ, ಯಾವುದು ಇಲ್ಲ ಎಂದು ಅವನು ಹೇಳಬೇಕು. ಹಿಡಿಯುವುದನ್ನು ಬಿಚ್ಚಿ ಸಾಗಿಸಬೇಕು. ಮುಂದಿನ ವಾರದ ಭಾನುವಾರ ಮನೆ ಖಾಲಿ ಮಾಡಬೇಕು.

ಅರ್ಧ ದಿನದ ಕೆಲಸ. ಒಂಬತ್ತು ದಿನವಾದರೂ ಮುಗಿಯಲಿಲ್ಲ.

ಕನ್ನಡಿ ಬೀರು ತಂಗಿಯ ಮನೆಗೆ ಹೋಯಿತು. ಡೈನಿಂಗ್ ಟೇಬಲ್ ಪಕ್ಕದ ಮನೆಗೆ. ಕಟಿಂಗ್ ಟೇಬಲ್ ಮಾತ್ರ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

"ಅನುಮಾನ ಮೇಡಂ," ಎನ್ನುತ್ತಿದ್ದ ಪ್ರತಿ ಸಲವೂ. "ಕಿಟಕಿ ಪಕ್ಕದ ಗೋಡೆ ನಾಳೆ ಇನ್ನೊಂದ್ಸಲ ನೋಡಿ ಹೇಳ್ತೀನಿ."

ಇಪ್ಪತ್ತೆರಡು ವರ್ಷ ಆ ಟೇಬಲ್ಲಿನ ಮುಂದೆ ನಿಂತೇ ಮಗಳನ್ನು ಓದಿಸಿದ್ದಳು. ಅದು ಹೋಗದಿದ್ದರೆ ಹೊಸ ಮನೆಯಲ್ಲಿ ಬಟ್ಟೆ ಕತ್ತರಿಸುವುದೆಲ್ಲಿ, ನೆಲದ ಮೇಲೆ ಕೂತೇ? ಮಂಡಿ ಕೇಳಬೇಕಲ್ಲ. ಈ ಚಿಂತೆ ಒಂದು ಕಡೆ. ಬೆಳಿಗ್ಗೆ ಹನ್ನೊಂದಾಗುತ್ತಲೇ ಗೇಟಿನ ಕಡೆ ಓಡುವ ಕಿವಿಯ ಕಾಟ ಇನ್ನೊಂದು ಕಡೆ. ಸೂಜಿಗೆ ದಾರ ಪೋಣಿಸಲು ಮೂರು ಸಲ ಎದ್ದು ಬೆಳಕಿಗೆ ಹೋಗುವಳು. ಬೆಳಕು ಇದ್ದದ್ದು ಗೇಟು ಕಾಣುವ ಕಿಟಕಿಯಲ್ಲಿ.

ಅವಳೂ ಸುಮ್ಮನಿರಲಿಲ್ಲ. ಪುಸ್ತಕದ ಸ್ಟ್ಯಾಂಡು ಸೋಮವಾರ ಬೇಕು, ಮಂಗಳವಾರ ಬೇಡ, ಬುಧವಾರ ಮೇಲಿನ ಎರಡು ಹಲಗೆ ಮಾತ್ರ ಬೇಕು.

"ಅಮ್ಮಾ, ಆ ಸ್ಟ್ಯಾಂಡಿನ ಕತೆ ಇನ್ನೂ ಮುಗೀಲಿಲ್ವಾ?" ಫೋನಿನಲ್ಲಿ ಮಗಳು ಕೇಳಿದಳು. "ನನ್ನ ಮದುವೆ ಮಾತುಕತೆನೇ ಇಷ್ಟು ದಿನ ಎಳೀಲಿಲ್ಲ."

"ಯೋಚನೆ ಮಾಡಿ ಮಾಡ್ಬೇಕಲ್ವೇನೇ?"

"ಮಾಡು ಮಾಡು. ಮೇಸ್ತ್ರಿಗೂ ಯೋಚನೆ ಜಾಸ್ತಿನಾ?"

"ಇಡೇ ಫೋನು!"

ಶುಕ್ರವಾರ ಹೊಸ ಮನೆಯ ಕಿಟಕಿಗೆ ಪರದೆ ಕತ್ತರಿಸಲು ನಿಂತಳು. ಟೇಬಲ್ಲಿನ ಅಂಚಿಗೆ ಹಳೆಯ ಟೇಪೊಂದನ್ನು ಉದ್ದಕ್ಕೂ ಮೊಳೆ ಹೊಡೆದು ಕೂರಿಸಿದ್ದಳು. ಬಟ್ಟೆಯನ್ನು ಅದರ ಗುಂಟ ಹಾಸಿದರೆ ಸಾಕು, ಅಳತೆ ತಿಳಿಯುತ್ತದೆ. ಬಟ್ಟೆ ಎಳೆಯುತ್ತ ಕೊನೆಗೆ ಬಂದವಳು ನಿಂತುಬಿಟ್ಟಳು. ಟೇಬಲ್ಲು ಮುಗಿಯುವಲ್ಲಿ ಎಪ್ಪತ್ತೆರಡು ಎಂದಿತ್ತು.

ಹಿಂದಿನ ದಿನ ಅವನು ಇಲ್ಲೇ ಬಿಟ್ಟುಹೋಗಿದ್ದ ಪಟ್ಟಿ ತೆಗೆದು ನೋಡಿದಳು. ಅವಳದೇ ಕೈಬರಹ: ಎಪ್ಪತ್ತೈದು.

ಓಡಿಹೋಗಿ ಮಂಚ ಅಳೆದಳು, ಸ್ಟೂಲು ಅಳೆದಳು. ಎಲ್ಲದಕ್ಕೂ ಮೂರು ಇಂಚು ಹೆಚ್ಚು. ಯಾವ ಅಳತೆ ಬರೆದರೂ ಈ ಕಡೆ ಒಂದೂವರೆ, ಆ ಕಡೆ ಒಂದೂವರೆ ಇಂಚು ಹೊಲಿಗೆಗೆಂದು ಬಿಟ್ಟು ಬರೆಯುವ ಕೈ ಅದು. ಮರಕ್ಕೂ ಬಿಟ್ಟಿತ್ತು.

ಅಂದು ಅವನು ಬಂದದ್ದು ಮಧ್ಯಾಹ್ನ. ಒಳಗೆ ಕಾಲಿಡುವ ಮೊದಲೇ ಅವಳು ಪಟ್ಟಿ ಮುಂದೆ ಹಿಡಿದಳು.

"ತಪ್ಪು ನಂದೇ ಮೇಸ್ತ್ರಿ. ಎಲ್ಲ ಮೂರಿಂಚು ಜಾಸ್ತಿ ಬರ್ದಿದೀನಿ. ಟೇಬಲ್ ಆರೇ ಅಡಿ!"

ಅವನು ಪಟ್ಟಿಯನ್ನು ನೋಡಲಿಲ್ಲ.

"ಗೊತ್ತು," ಎಂದ.

"ಏನು ಗೊತ್ತು?"

"ಮೊದಲನೇ ದಿನವೇ ಗೊತ್ತಾಯ್ತು. ಮೂವತ್ತು ವರ್ಷ ಮರ ಅಳೆದಿದೀನಿ. ಸ್ಟೂಲಿಗೂ ಹೊಲಿಗೆಗೆ ಜಾಗ ಬಿಟ್ಟಿದ್ರಿ."

ಅವಳ ಕೆನ್ನೆ ಬಿಸಿಯಾಯಿತು. "ಹಾಗಾದ್ರೆ ನನ್ನ ಬೀರು ಸುಮ್ನೆ ಹೋಯ್ತಾ?"

"ಇಲ್ಲ ಇಲ್ಲ! ಮೂರಿಂಚು ಕಳೆದೇ ಲೆಕ್ಕ ಹಾಕಿದ್ದು. ಬೀರು ನಿಜಕ್ಕೂ ಹೋಗ್ತಿರಲಿಲ್ಲ. ಡೈನಿಂಗ್ ಟೇಬಲ್ಲೂ ಅಷ್ಟೇ. ಇದೊಂದು ಮಾತ್ರ..." ಕಟಿಂಗ್ ಟೇಬಲ್ಲಿನ ಮೇಲೆ ಅಂಗೈ ಇಟ್ಟ. "ಗೋಡೆ ಆರಡಿ ಒಂದಿಂಚು. ಆರಾಮಾಗಿ ಹಿಡಿಯುತ್ತೆ."

"ನೆಲದ ಮೇಲೆ ಕೂತು ಕತ್ತರಿಸೋದು ಹೇಗೆ ಅಂತ ಒಂಬತ್ತು ದಿನ ಯೋಚನೆ ಮಾಡಿಸಿದ್ರಲ್ರೀ! ಊಟ ಸೇರ್ತಿರಲಿಲ್ಲ ನಂಗೆ."

"ತಪ್ಪಾಯ್ತು. ಹಿಡಿಯುತ್ತೆ ಅಂದುಬಿಟ್ರೆ ಮಾರನೇ ದಿನ ಬರೋಕೆ ನಂಗೆ ಏನೂ ಉಳೀತಿರಲಿಲ್ಲ." ಉಗುರಿನಿಂದ ಟೇಬಲ್ಲಿನ ಅಂಚು ಕೆರೆಯುತ್ತ ನಿಂತ. ಹೆಂಡತಿ ತೀರಿಹೋದ ಮೇಲೆ ಇಂಥ ಮಾತು ಅವನ ಬಾಯಿಂದ ಬಂದೇ ಇರಲಿಲ್ಲವೇನೋ, ಅಷ್ಟು ಎಡವಿತು. "ಭಾನುವಾರ ಆದ್ಮೇಲೂ ಬರ್ಲಾ? ಕೆಲಸ ಇಲ್ದೇನೇ?"

ಬೈಯಬೇಕೆಂದು ಎಳೆದುಕೊಂಡ ಉಸಿರು ಹಾಗೆಯೇ ನಿಂತಿತು. ಪರದೆಯ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಇಷ್ಟು ವರ್ಷ ಯಾರೇ ಬಂದರೂ ಈ ಮುಂದಿನ ಕೋಣೆಯವರೆಗೆ. ಒಳಗೆ ಅವಳು ಹೇಗಿರುತ್ತಾಳೆ, ಒಂದೇ ತಟ್ಟೆ ಹೇಗೆ ತೊಳೆದಿಡುತ್ತಾಳೆ, ಯಾರಿಗೂ ಗೊತ್ತಿರಲಿಲ್ಲ.

"ಅಲ್ಲಿ ಮುಂದಿನ ಕೋಣೆ ಇಲ್ಲ," ಎಂದಳು ಕೊನೆಗೆ. "ಬಾಗಿಲು ತೆಗೆದ್ರೆ ನನ್ನ ಮಂಚ, ನನ್ನ ಒಲೆ, ಎಲ್ಲ ಒಟ್ಟಿಗೆ ಕಾಣುತ್ತೆ."

"ಆ ಬಾಗಿಲು ಕೂರಿಸಿದ್ದು ನಾನೇ. ಏನೇನು ಕಾಣುತ್ತೆ ಅಂತ ಗೊತ್ತು."

"ಗೊತ್ತಿದ್ದೂ ಕೇಳ್ತಿದೀರಾ?"

"ಗೊತ್ತಿದ್ದೇ ಕೇಳ್ತಿದೀನಿ."

ಅವಳು ಹೊರಗೆ ನಡೆದಳು. ವರಾಂಡದಲ್ಲಿ ಶಾಲೆಗೆ ಕೊಡಲೆಂದು ಡೈನಿಂಗ್ ಟೇಬಲ್ಲಿನ ಐದು ಕುರ್ಚಿ ಒಂದರ ಮೇಲೊಂದು ಜೋಡಿಸಿಟ್ಟಿದ್ದಳು. ಗಾಡಿ ಇನ್ನೇನು ಬರುವುದರಲ್ಲಿತ್ತು. ಆರನೆಯದೊಂದೇ ಅವಳ ಜೊತೆ ಹೊರಟದ್ದು. ಮೇಲಿನ ಕುರ್ಚಿಯನ್ನು ಎತ್ತಿದಳು. ಅವನು ಕೈ ಚಾಚಿದರೆ ಕೊಡಲಿಲ್ಲ. ತಾನೇ ಹೊತ್ತು ಒಳಗೆ ತಂದು, ಹೋಗಬೇಕಾದ ಸಾಮಾನಿನ ಪಕ್ಕ ಇಟ್ಟಳು.

ಅವನ ಹಣೆ ಗಂಟಿಕ್ಕಿತು. ಇನ್ನು ಸುಳ್ಳು ಹೇಳುವ ಧೈರ್ಯ ಅವನಿಗಿರಲಿಲ್ಲ.

"ಮೇಡಂ... ಇದು ನಿಜವಾಗ್ಲೂ ಹಿಡಿಯಲ್ಲ. ಎರಡನೇ ಕುರ್ಚಿ ಇಟ್ರೆ ಅಲ್ಲಿನ ಗೋಡೆ ಕಪಾಟಿನ ಬಾಗಿಲು ತೆಗೆಯೋಕಾಗಲ್ಲ."

"ನೀವು ಎದುರಿಗೆ ಕೂತಿರೋವಾಗ," ಎಂದಳು ಅವಳು, ಈ ಸಲ ನಗುವನ್ನು ತಡೆಯದೆ, "ಕಪಾಟು ತೆಗೆದು ನಾನೇನ್ ಮಾಡ್ಲಿ?"